ಫಾರ್ಮ್ಯಾಟ್ ಮಾಡುವ ಮುನ್ನಾ ದಿನ

ನಿಮ್ಮ ಮನೆಯಲ್ಲೂ ಒಂದು ಕಂಪ್ಯೂಟರ್ ಇರಬಹುದು. ಮಕ್ಕಳ ಪ್ರಾಜೆಕ್ಟ್, ಮದುವೆಯ ಫೋಟೋ, ರೇಷನ್ ಕಾರ್ಡಿನ ಪ್ರತಿ ಎಲ್ಲವೂ ಅದರೊಳಗೇ. ಕೆಲವು ವರ್ಷ ಕಳೆದರೆ ಅದು ಮುದಿ ಎತ್ತಿನಂತೆ ಏದುಸಿರು ಬಿಡತೊಡಗುತ್ತದೆ. ಸ್ವಿಚ್ ಒತ್ತಿ, ಚಹಾ ಕುಡಿದು ಬಂದರೂ ಪರದೆಯ ಮೇಲಿನ ಚಕ್ರ ತಿರುಗುತ್ತಲೇ ಇರುತ್ತದೆ. ಆಗ ಯಾರಾದರೂ ಹೇಳಿಯೇ ಹೇಳುತ್ತಾರೆ: ‘ಒಮ್ಮೆ ಫಾರ್ಮ್ಯಾಟ್ ಮಾಡಿಸಿಬಿಡಿ, ಸರಿಯಾಗುತ್ತದೆ.’

ಮಾತು ಸುಳ್ಳಲ್ಲ. ಹಳೆಯ ವಿಂಡೋಸನ್ನು ಪೂರ್ತಿ ಅಳಿಸಿ ಹೊಸದಾಗಿ ಹಾಕಿದರೆ ವೈರಸ್, ಬೇಡದ ಪ್ರೋಗ್ರಾಮುಗಳು, ವರ್ಷಗಳ ಕಸ ಎಲ್ಲವೂ ಹೋಗುತ್ತವೆ. ಆದರೆ ಕಸದೊಂದಿಗೆ ಬೇರೇನು ಹೋಗುತ್ತದೆ ಎಂಬುದನ್ನು ನಾನು 2009ರಲ್ಲಿ ಕಲಿತೆ.

ಆಗ ನನ್ನ ತಂದೆಯವರು ಬದುಕಿದ್ದರು. ಹುಡುಗನಾಗಿದ್ದಾಗ ಬೊಂಬಾಯಿಗೆ ಹೋಗಿ ಹೊಟೇಲಿನಲ್ಲಿ ತಟ್ಟೆ ತೊಳೆದು ಬದುಕಿದ ಕಥೆಯನ್ನು ಅವರು ಶುಕ್ರವಾರ ಅಸರ್ ನಮಾಝಿನ ಬಳಿಕ ಸ್ವಲ್ಪ ಸ್ವಲ್ಪವೇ ಹೇಳುತ್ತಿದ್ದರು. ನಾನು ನುಡಿ ತಂತ್ರಾಂಶದಲ್ಲಿ ಟೈಪು ಮಾಡುತ್ತಿದ್ದೆ. ನಲವತ್ತು ಪುಟಗಳಷ್ಟಾಗಿತ್ತು. ಕಂಪ್ಯೂಟರ್ ನಿಧಾನವಾಯಿತೆಂದು ಪೇಟೆಯ ಅಂಗಡಿಯೊಂದಕ್ಕೆ ಒಯ್ದೆ. ‘ಡಿ ಡ್ರೈವ್‌ನಲ್ಲಿರುವುದು ಏನೂ ಹೋಗುವುದಿಲ್ಲ ಸರ್’ ಎಂದ ಹುಡುಗ. ಅವನು ಹೇಳಿದಂತೆಯೇ ಡಿ ಡ್ರೈವ್ ಹಾಗೆಯೇ ಇತ್ತು. ತಂದೆಯವರ ಕಥೆ ಮಾತ್ರ ಇರಲಿಲ್ಲ. ಅದನ್ನು ನಾನು ಡೆಸ್ಕ್‌ಟಾಪ್ ಮೇಲೆ ಇಟ್ಟಿದ್ದೆ.

ಇದನ್ನು ದಯವಿಟ್ಟು ಗಮನಿಸಿ. ಡೆಸ್ಕ್‌ಟಾಪ್ ಎಂಬುದು ಕಣ್ಣೆದುರಿಗೇ ಇರುವುದರಿಂದ ಅದು ಎಲ್ಲಕ್ಕಿಂತ ಭದ್ರವಾದ ಜಾಗವೆಂದು ನಾವು ತಿಳಿದಿರುತ್ತೇವೆ. ವಾಸ್ತವದಲ್ಲಿ ಅದು ಸಿ ಡ್ರೈವ್‌ನ ಒಂದು ಮೂಲೆ. ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೌನ್‌ಲೋಡ್ಸ್ ಎಲ್ಲವೂ, ನಾವೇ ಬದಲಿಸದಿದ್ದರೆ, ಅಲ್ಲಿಯೇ ಇರುತ್ತವೆ. ಫಾರ್ಮ್ಯಾಟ್ ಎಂದರೆ ಸಾಮಾನ್ಯವಾಗಿ ಮೊದಲು ಅಳಿಸಿಹೋಗುವುದೇ ಆ ಡ್ರೈವ್.

ತಂದೆಯವರನ್ನು ಮತ್ತೆ ಹೇಳಲು ಬೇಡಿಕೊಂಡೆ. ಹೇಳಿದರು. ಆದರೆ ಎರಡನೇ ಬಾರಿ ಆ ಹುರುಪಿರಲಿಲ್ಲ. ಆರು ಪುಟಕ್ಕೆ ಮುಗಿಯಿತು. 2014ರಲ್ಲಿ ಅವರು ತೀರಿಕೊಂಡರು.

ಈಗಿನ ಮಾತಿಗೆ ಬರೋಣ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಉಚಿತ ಸೇವೆ ಮುಗಿಯಿತು. ಕಂಪ್ಯೂಟರ್ ಅಂದೇ ನಿಂತುಹೋಗುವುದಿಲ್ಲ, ಆದರೆ ರಕ್ಷಣೆಯ ಅಪ್‌ಡೇಟುಗಳು ಮೊದಲಿನಂತೆ ಬರುವುದಿಲ್ಲ. ನಮ್ಮದು 2019ರಲ್ಲಿ ಕೊಂಡದ್ದು. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ್‍ಯಾಮ್, 64 ಜಿಬಿ ಜಾಗ, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಮತ್ತು ಮೈಕ್ರೋಸಾಫ್ಟ್ ಒಪ್ಪಿದ ಪ್ರೊಸೆಸರ್ ಬೇಕು. ನಮ್ಮ ಯಂತ್ರದಲ್ಲಿ ಟಿಪಿಎಂ ಇದ್ದರೂ ಬಯೋಸ್‌ನಲ್ಲಿ ಆಫ್ ಆಗಿತ್ತು. ನಿಮ್ಮ ಯಂತ್ರ ಯೋಗ್ಯವಲ್ಲ ಎಂದು ಬಂದರೆ ಕೂಡಲೇ ಗುಜರಿಗೆ ಹಾಕಬೇಡಿ, ಮೊದಲು ಇದನ್ನು ನೋಡಿ. ನಿಜಕ್ಕೂ ಹಳೆಯದಾದರೆ ಲಿನಕ್ಸ್ ಮಿಂಟ್ ಹಾಕಬಹುದು. ಅದು ಉಚಿತ, ನಕಲಿ ಕೀ ಹುಡುಕುವ ಗೋಜಿಲ್ಲ. ಅಂಗಡಿಯವನು ‘ಕ್ರ್ಯಾಕ್’ ಹಾಕಿಕೊಟ್ಟ ವಿಂಡೋಸ್ ಅನ್ಯರ ಹಕ್ಕು ಎಂಬುದಿರಲಿ, ಬೀಗವನ್ನೇ ಒಡೆದ ಬಾಗಿಲಿಗೆ ಕಾವಲಿನ ಭರವಸೆ ಎಲ್ಲಿಯದು?

ಮಗ ‘ನಾಳೆಯೇ ಹಾಕೋಣ ಉಪ್ಪಾ’ ಎಂದ. ನಾನು ಒಂದು ದಿನ ಕೇಳಿದೆ. ಮನೆಯವರನ್ನೆಲ್ಲ ಕೂರಿಸಿ ‘ಇದರಲ್ಲಿ ನಿಮ್ಮದೇನಿದೆ?’ ಎಂದು ವಿಚಾರಿಸಿದೆ. ಹೆಂಡತಿಯ ಹೊಲಿಗೆಯ ಲೆಕ್ಕ ಯಾವುದೋ ಫೋಲ್ಡರಿನ ಒಳಗಿನ ಫೋಲ್ಡರಿನಲ್ಲಿ ಸಿಕ್ಕಿತು. ಮಗಳ ಪಾಸ್‌ವರ್ಡುಗಳು ಬ್ರೌಸರಿನಲ್ಲಿ ಮಾತ್ರ ಇದ್ದವು, ಪುಸ್ತಕದಲ್ಲಿ ಬರೆಸಿದೆ. ಎಲ್ಲವನ್ನೂ ಹೊರಗಿನ ಹಾರ್ಡ್ ಡಿಸ್ಕಿಗೆ ಹಾಕಿ, ಅಲ್ಲಿಂದ ನಾಲ್ಕಾರು ಫೈಲು ತೆರೆದು ನೋಡಿ, ಅದರ ಕೇಬಲ್ ಕಿತ್ತು ಬೀರುವಿನಲ್ಲಿಟ್ಟೆ. ಕೇಬಲ್ ಕೀಳುವುದನ್ನು ಮರೆಯಬೇಡಿ. ಪರದೆಯಲ್ಲಿ ಎರಡು ಡಿಸ್ಕ್ ಕಂಡಾಗ ಬೆರಳು ತಪ್ಪುವುದು ಸುಲಭ.

ಉಳಿದದ್ದು ಒಂದು ಗಂಟೆಯ ಕೆಲಸ. ಮೈಕ್ರೋಸಾಫ್ಟ್‌ನದೇ ತಾಣದಿಂದ ಮೀಡಿಯಾ ಕ್ರಿಯೇಷನ್ ಟೂಲ್ ಇಳಿಸಿ ಕನಿಷ್ಠ 8 ಜಿಬಿಯ ಪೆನ್‌ಡ್ರೈವ್ ತಯಾರಿಸಬೇಕು. ಪೆನ್‌ಡ್ರೈವಿನಲ್ಲಿದ್ದುದೂ ಅಳಿಸಿಹೋಗುತ್ತದೆ, ಆದ್ದರಿಂದ ಖಾಲಿಯದನ್ನೇ ಬಳಸಿ. ಕಂಪ್ಯೂಟರ್ ಶುರುವಾಗುವಾಗ ಎಫ್12 ಅಥವಾ ಎಸ್ಕೇಪ್ ಒತ್ತಬೇಕು, ಕಂಪೆನಿಯಿಂದ ಕಂಪೆನಿಗೆ ಕೀ ಬೇರೆ. ಕೀ ಸಂಖ್ಯೆ ಕೇಳಿದರೆ ಹೆದರಬೇಡಿ. ಮೊದಲೇ ಅಸಲಿ ವಿಂಡೋಸ್ ಇದ್ದ ಯಂತ್ರದಲ್ಲಿ ‘ನನ್ನಲ್ಲಿ ಕೀ ಇಲ್ಲ’ ಎಂಬುದನ್ನು ಒತ್ತಿ, ಮೊದಲಿದ್ದ ಹೋಮ್ ಅಥವಾ ಪ್ರೊ ಆವೃತ್ತಿಯನ್ನೇ ಆರಿಸಿದರೆ, ಇಂಟರ್‌ನೆಟ್ ಸಿಕ್ಕ ಬಳಿಕ ಸಾಮಾನ್ಯವಾಗಿ ಅದೇ ಗುರುತಿಸಿಕೊಳ್ಳುತ್ತದೆ. ಉಸಿರು ಬಿಗಿಹಿಡಿಯಬೇಕಾದದ್ದು ಡ್ರೈವ್ ಆರಿಸುವ ಪರದೆಯಲ್ಲಿ. ಅಲ್ಲಿ ಸಿ, ಡಿ ಎಂಬ ಹೆಸರುಗಳಿರುವುದಿಲ್ಲ. ‘ಪಾರ್ಟಿಷನ್ 3’, ‘ಪಾರ್ಟಿಷನ್ 4’ ಎಂದಿರುತ್ತದೆ. ಯಾವುದು ಎಷ್ಟು ಜಿಬಿ ಎಂದು ಹಿಂದಿನ ದಿನವೇ ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದರಿಂದ ನಾವು ಪಾರಾದೆವು.

ಎಲ್ಲ ಮುಗಿದು ಫೈಲುಗಳನ್ನು ಮರಳಿ ತುಂಬಿಸಿದ ಮೇಲೆ ತಂದೆಯವರ ಆ ಆರು ಪುಟ ತೆರೆದೆ. ಕನ್ನಡವೇ ಇರಲಿಲ್ಲ! ಇಂಗ್ಲಿಷ್ ಅಕ್ಷರ, ಟೊಪ್ಪಿ ಹಾಕಿದ ಚಿಹ್ನೆಗಳು, ಏನೇನೋ. ಎರಡನೇ ಸಲವೂ ಕಳಕೊಂಡೆನೇ ಎಂದು ಎದೆ ಧಸಕ್ಕೆಂದಿತು. ಮಗ ನಕ್ಕ. ನುಡಿಯ ಹಳೆಯ ಅಕ್ಷರಗಳು ಯೂನಿಕೋಡ್ ಅಲ್ಲ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅವು ಹೀಗೆಯೇ ಕಾಣುತ್ತವೆ. ನುಡಿ ಹಾಕಿದೊಡನೆ ಅಕ್ಷರಗಳು ಎದ್ದು ಕುಳಿತವು. ಯೂನಿಕೋಡಿಗೆ ಬದಲಿಸಿ ಇನ್ನೊಂದು ಪ್ರತಿಯನ್ನೂ ಮಾಡಿದೆವು. ನಿಮ್ಮ ಮನೆಯಲ್ಲಿ ಹಳೆಯ ಕನ್ನಡ ಫೈಲು ಹೀಗೆ ಕಂಡರೆ ಕೆಟ್ಟಿದೆಯೆಂದು ಅಳಿಸಬೇಡಿ.

ಪ್ರಿಂಟರ್ ಇನ್ನೂ ಮಾತು ಕೇಳುತ್ತಿರಲಿಲ್ಲ. ಅದರ ಡ್ರೈವರ್ ಹುಡುಕಿ ಹಾಕುವಾಗ ರಾತ್ರಿ ಹತ್ತಾಯಿತು. ಮುದ್ರಿಸಿದ ಆರು ಪುಟಗಳನ್ನು ತಾಯಿಯವರಿಗೆ ಓದಿ ಹೇಳಿದೆ. ಪೂರ್ತಿ ಕೇಳಿ, ‘ಅಡುಗೆಯವ ಜ್ವರ ಬಂದು ಮಲಗಿದಾಗ ಇವರೇ ಮೂರು ದಿನ ಒಲೆ ನೋಡಿಕೊಂಡದ್ದನ್ನು ಬಿಟ್ಟಿದ್ದೀಯಲ್ಲ’ ಎಂದರು.

ಈಗ ಶುಕ್ರವಾರ ಅಸರ್ ಬಳಿಕ ಅವರು ಹೇಳುತ್ತಾರೆ, ನಾನು ಟೈಪು ಮಾಡುತ್ತೇನೆ. ಡೆಸ್ಕ್‌ಟಾಪ್ ಮೇಲೆ ಇಡುವುದಿಲ್ಲ.