ಎಷ್ಟು ಲೀಟರ್ ಹಾಲು?

ಯಾವ ಹಸುವನ್ನು ಕಂಡರೂ ಪಟ್ಟಣದ ಹೆಂಗಸರಾದ ನಾವು ಕೇಳುವುದು ಒಂದೇ ಪ್ರಶ್ನೆ: ‘ಎಷ್ಟು ಲೀಟರ್ ಹಾಲು ಕೊಡುತ್ತೆ?’ ಆ ಪ್ರಶ್ನೆಯೇ ಸರಿಯಿಲ್ಲ ಎನ್ನುತ್ತೇನೆ ನಾನು.

ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರದ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರಕ್ಕೆ ಹೋದಾಗ ನನ್ನ ನಾದಿನಿಯೂ ಅದನ್ನೇ ಕೇಳಿದಳು. ದನ ಕಾಯುವಾತ ನಕ್ಕುಬಿಟ್ಟ. ‘ಇದರ ಹಾಲು ಇದರ ಕರುವಿಗೇ ಸರಿಹೋಗುತ್ತೆ, ಅಕ್ಕಾ.’ ಬೂದು ಮೈ, ಹಿಂದಕ್ಕೆ ಬಾಗಿದ ಉದ್ದನೆಯ ಚೂಪು ಕೊಂಬು, ಹೊಸಬರನ್ನು ಹತ್ತಿರ ಬಿಟ್ಟುಕೊಳ್ಳದ ಬಿರುಸು. ‘ಹಾಗಾದರೆ ಇವನ್ನು ಸಾಕಿ ಏನು ಪ್ರಯೋಜನ?’ ಎಂದಳು ನಾದಿನಿ.

ಪ್ರಯೋಜನದ ಈ ಲೆಕ್ಕ ಹಳೆಯದು. ಕೇಂದ್ರ ಶುರುವಾದದ್ದು 1929ರಲ್ಲಾದರೂ ಮಂದೆಗೆ ಮುನ್ನೂರು ವರ್ಷಕ್ಕೂ ಮೀರಿದ ಚರಿತ್ರೆಯಿದೆ. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಗೆ ಅಮೃತಮಹಲ್ ಎಂದು ಹೆಸರಿಟ್ಟವನು ಟಿಪ್ಪು. ಅವನ ಫಿರಂಗಿಗಳನ್ನು ಎಳೆದದ್ದು ಈ ಎತ್ತುಗಳೇ. 1860ರಲ್ಲಿ ಬ್ರಿಟಿಷರು ಖರ್ಚು ಉಳಿಸಲೆಂದು ಮಂದೆಯನ್ನು ಮಾರಿಹಾಕಿದರು. 1866ರಲ್ಲಿ ಅವರೇ ಅದನ್ನು ಮತ್ತೆ ಕಟ್ಟಬೇಕಾಯಿತು. ಪರದೇಶದವರಿಗೆ ಆರು ವರ್ಷದಲ್ಲಿ ಬುದ್ಧಿ ಬಂತು.

ನಮಗೆ ಇನ್ನೂ ಬಂದಿಲ್ಲ. ಈ ದನ ಕೊಟ್ಟಿಗೆಯದಲ್ಲ, ಕಾವಲಿನದು. ಮಳೆಗಾಲಕ್ಕೊಂದು, ಬೇಸಿಗೆಗೊಂದು ಎಂದು ಹಿಂದಿನವರು ಹುಲ್ಲುಗಾವಲುಗಳನ್ನು ಕಾದಿಟ್ಟಿದ್ದರು. ಅವನ್ನು ನಾವು ಬೀಳು ನೆಲವೆಂದು ಕರೆದು ಹಂಚುತ್ತಾ ಬಂದೆವು. ಚಳ್ಳಕೆರೆ ತಾಲ್ಲೂಕೊಂದರಲ್ಲೇ, 2008ರ ಆಚೀಚೆ ಶುರುವಾದ ಹಂಚಿಕೆಯಲ್ಲಿ, ಸುಮಾರು 10,000 ಎಕರೆ ಕಾವಲು ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶದಂಥ ಸಂಸ್ಥೆಗಳ ಪಾಲಾಯಿತು. ವಿಜ್ಞಾನ ಬೇಡವೆಂದು ಯಾರೂ ಹೇಳುವುದಿಲ್ಲ. ಆದರೆ ಅಲ್ಲಿ ಕುರಿ ಮೇಯಿಸಿ, ಉಣ್ಣೆ ನೂತು, ಕಂಬಳಿ ನೇಯುವ ಮನೆಗಳಿಗೆ ಆ ನೆಲ ಯಾವತ್ತು ಬೀಳಾಗಿತ್ತು? ಹುಲ್ಲು ಬೆಳೆದದ್ದನ್ನು ಬೆಳೆಯೆಂದು ಎಣಿಸದವರು ಬರೆದ ಮಾತದು.

ಈ ಬಗೆಯ ಲೆಕ್ಕ ನಮಗೆ ಹೊಸದೇ? ಸಂಬಳ ತರದ ಹೆಂಗಸನ್ನು ‘ಮನೇಲಿ ಕೂತು ಏನು ಮಾಡ್ತೀಯ?’ ಎಂದು ಕೇಳಿದಾಗ ನಮಗೆಷ್ಟು ಉರಿಯುತ್ತದೆ! ಆದರೂ ಹಾಲು ಅಳೆಯುವ ಪಾತ್ರೆ ಹಿಡಿದೇ ಹಸುವಿನ ಮುಂದೆ ನಿಲ್ಲುತ್ತೇವೆ.

ದೀಪಾವಳಿಗೆ ಗೋಪೂಜೆ ಮಾಡುವುದು ಸುಲಭ. ಅರಿಸಿನ ಕುಂಕುಮ, ಒಂದು ಬಾಳೆಹಣ್ಣು, ಮುಗಿಯಿತು. ಹಸು ಬದುಕಬೇಕಾದರೆ ಅದು ಮೇಯುವ ನೆಲ ಉಳಿಯಬೇಕು. ಇನ್ನುಮುಂದೆ ಓಟು ಕೇಳಲು ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ ಕೇಳೋಣ: ನಮ್ಮ ತಾಲ್ಲೂಕಿನಲ್ಲಿ ಗೋಮಾಳ ಎಷ್ಟು ಎಕರೆ ಇತ್ತು, ಈಗ ಎಷ್ಟು ಉಳಿದಿದೆ?