ಹವ್ಯಾಸವೋ, ಛಂದವೋ?

ಗಡಿನಾಡಿನಲ್ಲಿ ಕೆಲವು ಪದಗಳು ಊರು ದಾಟದೆಯೇ ಅರ್ಥ ಬದಲಿಸುತ್ತವೆ. ‘ಹವ್ಯಾಸ’ ಅಂಥದೊಂದು ಪದ. ಕನ್ನಡದಲ್ಲಿ ಅದು ಬಿಡುವಿನ ವೇಳೆಯಲ್ಲಿ ಪ್ರೀತಿಯಿಂದ ಮಾಡುವ ಕೆಲಸ, ಮರಾಠಿಯಲ್ಲಿ ಅತಿಯಾಸೆ. ಸೊಲ್ಲಾಪುರದ ವಿದ್ಯಾರ್ಥಿಯೊಬ್ಬ ಕನ್ನಡದ ಉತ್ತರಪತ್ರಿಕೆಯಲ್ಲಿ ‘ಓದುವುದು ನನ್ನ ಹವ್ಯಾಸ’ ಎಂದು ಬರೆದರೆ ಅಂಕ ದೊರೆಯುತ್ತದೆ. ಅದನ್ನೇ ಮರಾಠಿಯ ಉತ್ತರಪತ್ರಿಕೆಯಲ್ಲಿ ಬರೆದರೆ ಗುರುಗಳ ಹುಬ್ಬು ಮೇಲೇರುತ್ತದೆ. ಮರಾಠಿಗರು ಹವ್ಯಾಸಕ್ಕೆ ‘ಛಂದ’ ಎನ್ನುತ್ತಾರೆ. ಆ ಪದವೂ ಕನ್ನಡಕ್ಕೆ ಹೊಸತಲ್ಲ. ಈ ಸೀಮೆಯ ಆಡುಮಾತಿನಲ್ಲಿ ಛಂದ ಎಂದರೆ ಚೆಲುವು. ಶಾಸ್ತ್ರದಲ್ಲಿ ಅದು ಪದ್ಯದ ಲಯಕ್ಕೆ ಸಂಬಂಧಿಸಿದ್ದು. ಸಂಸ್ಕೃತದ ಮೂಲದಲ್ಲಿ ಇಚ್ಛೆ. ‘ಸ್ವಚ್ಛಂದ’ ಎಂಬಲ್ಲಿ ಆ ಇಚ್ಛೆ ಇಂದಿಗೂ ಉಳಿದಿದೆ. ಇಚ್ಛೆ, ಚೆಲುವು, ಲಯ ಈ ಮೂರೂ ಕೂಡಿದ ಪದವೊಂದು ಕೈಯಲ್ಲಿರುವಾಗ, ಹವ್ಯಾಸವನ್ನು ಕೇವಲ ಕಾಲಹರಣವೆಂದು ತಿಳಿಯುವುದು ಸರಿಯೇ ಎಂಬುದು ಇಲ್ಲಿನ ಪ್ರಶ್ನೆ.

ಈ ಪ್ರಶ್ನೆಗೆ ಇಂದು ಒಂದು ನಿರ್ದಿಷ್ಟ ಸಂದರ್ಭವಿದೆ. ತಂತ್ರಾಂಶ ಕ್ಷೇತ್ರದಲ್ಲಿ ದುಡಿಯುವವರು ವಾರವಿಡೀ ಗಣಕದ ಮುಂದೆ ಕುಳಿತು, ರಜೆಯ ದಿನ ತಮ್ಮ ಕುಂಡದ ತುಳಸಿಯ ಬಗ್ಗೆ, ಕಲಿಯಲಾಗದೆ ಬಿಟ್ಟ ತಬಲಾದ ಬಗ್ಗೆ, ಊರಿನಿಂದ ಬಂದ ಶೇಂಗಾ ಚಟ್ನಿಯ ಬಗ್ಗೆ, ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಗೆ ಹೋಗಲಾಗದ ಸಂಕಟದ ಬಗ್ಗೆ ಲಘುವಾಗಿ ಬರೆಯುತ್ತಾರೆ. ಸಾಹಿತ್ಯವನ್ನು ಶಿಸ್ತಾಗಿ ಓದಿದವರಲ್ಲಿ ಇಂಥ ಬರಹದ ಬಗ್ಗೆ ಸಣ್ಣದೊಂದು ತಾತ್ಸಾರವಿದೆ: ಇದು ಹೊಟ್ಟೆ ತುಂಬಿದವರ ಹರಟೆ, ಸಾಹಿತ್ಯವಲ್ಲ.

ಈ ತಾತ್ಸಾರ ಪರಂಪರೆಯನ್ನು ಮರೆತ ತಾತ್ಸಾರ. ಲಲಿತ ಪ್ರಬಂಧವೆಂಬ ಪ್ರಕಾರ ಹುಟ್ಟಿದ್ದೇ ಹೀಗೆ. ಎ.ಎನ್. ಮೂರ್ತಿರಾಯರು ವೃತ್ತಿಯಿಂದ ಇಂಗ್ಲಿಷ್ ಅಧ್ಯಾಪಕರು. ‘ಹಗಲುಗನಸುಗಳು’ ಬರೆದದ್ದು ಕನ್ನಡದಲ್ಲಿ. ಮರಾಠಿಯಲ್ಲಿ ಪು.ಲ. ದೇಶಪಾಂಡೆಯವರ ವಿನೋದದ ಹಿಂದೆ ಹಾರ್ಮೋನಿಯಂ ನುಡಿಸುವ ಬೆರಳುಗಳಿದ್ದವು. ಈಚಿನ ಉದಾಹರಣೆ ಬೇಕಿದ್ದರೆ ಬಳ್ಳಾರಿ ಸೀಮೆಯ ಸಂಡೂರಿನ ವಸುಧೇಂದ್ರರಿದ್ದಾರೆ. ಹಲವು ವರ್ಷ ತಂತ್ರಾಂಶ ಉದ್ಯಮದಲ್ಲಿ ದುಡಿದ ಅವರು ‘ನಮ್ಮಮ್ಮ ಅಂದ್ರೆ ನಂಗಿಷ್ಟ’ ಎಂಬ ಪ್ರಬಂಧ ಸಂಕಲನದಿಂದ ಸಾವಿರಾರು ಓದುಗರನ್ನು ಗಳಿಸಿದರು, ಮುಂದೆ ‘ತೇಜೋ ತುಂಗಭದ್ರಾ’ದಂಥ ಕಾದಂಬರಿಯನ್ನು ಕೊಟ್ಟರು. ಅವರು ಕಟ್ಟಿದ ಪ್ರಕಾಶನದ ಹೆಸರು ‘ಛಂದ ಪುಸ್ತಕ’. ಆ ಹೆಸರನ್ನು ಮರಾಠಿ ಬಲ್ಲವರು ಒಂದು ಬಗೆಯಲ್ಲಿ, ಕನ್ನಡ ಬಲ್ಲವರು ಇನ್ನೊಂದು ಬಗೆಯಲ್ಲಿ ಓದಿಕೊಳ್ಳಬಹುದು. ಎರಡೂ ಓದು ತಪ್ಪಾಗದು.

ತಂತ್ರಾಂಶ ಲೋಕವಂತೂ ಹವ್ಯಾಸದ ಋಣವನ್ನು ಎಂದೋ ಒಪ್ಪಿಕೊಂಡಿದೆ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಕೇವಲ ಹವ್ಯಾಸವೆಂದು ಹೇಳಿಕೊಂಡು ಆರಂಭಿಸಿದ ಲಿನಕ್ಸ್ ಇಂದು ಪ್ರತಿಯೊಂದು ಆಂಡ್ರಾಯ್ಡ್ ಮೊಬೈಲಿನ ತಳಹದಿಯಾಗಿದೆ. 1989ರ ಕ್ರಿಸ್‌ಮಸ್ ರಜೆಯಲ್ಲಿ ಗೀಡೋ ವಾನ್ ರಾಸಮ್ ಸಮಯ ಕಳೆಯಲೆಂದು ಕೈಗೆತ್ತಿಕೊಂಡದ್ದು ಪೈಥಾನ್ ಭಾಷೆ. ಅದರ ಹೆಸರು ಹಾವಿನದಲ್ಲ; ಅವರು ಮೆಚ್ಚಿದ್ದ ‘ಮಾಂಟಿ ಪೈಥಾನ್’ ಎಂಬ ಬ್ರಿಟಿಷ್ ಹಾಸ್ಯ ತಂಡದ್ದು. ನಗೆಯಿಂದ ಹೆಸರು ಪಡೆದ ಭಾಷೆಯನ್ನು ಈಗ ಜಗತ್ತಿನ ಎಷ್ಟೋ ಗಂಭೀರ ವಿಜ್ಞಾನಿಗಳು ಬಳಸುತ್ತಿದ್ದಾರೆ.

ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕಾದವರು ಡೊನಾಲ್ಡ್ ಕ್ನೂತ್. ಗಣಕ ವಿಜ್ಞಾನದ ಈ ಹಿರಿಯರು ಮನೆಯಲ್ಲಿ ಪೈಪ್ ಆರ್ಗನ್ ಇರಿಸಿಕೊಂಡು ನುಡಿಸುವವರು. ತಮ್ಮ ಪುಸ್ತಕದ ಅಚ್ಚು ಅಂದವಾಗಿಲ್ಲವೆಂದು ಬೇಸತ್ತು, ಅಕ್ಷರ ಜೋಡಣೆಗಾಗಿಯೇ ‘ಟೆಕ್’ ಎಂಬ ತಂತ್ರಾಂಶವನ್ನು ರಚಿಸಿದವರು. ಅವರ ಬೃಹದ್ಗ್ರಂಥದಲ್ಲಿ ಪಿಂಗಳ, ಹೇಮಚಂದ್ರರಂಥ ಭಾರತೀಯ ಛಂದಶ್ಶಾಸ್ತ್ರಜ್ಞರ ಉಲ್ಲೇಖವಿದೆ. ಕಾರಣ ಸರಳ. ತರಗತಿಯಲ್ಲಿ ಬೇಸರದಿಂದ ಮಾಡುವ ಪ್ರಸ್ತಾರವು ಗಣಕದ ಎರಡೇ ಚಿಹ್ನೆಗಳ ಲೆಕ್ಕಕ್ಕೆ ಸಮೀಪದ ನೆಂಟ. ಲಘು, ಗುರು ಎಂಬ ಎರಡನ್ನು ಮೂರು ಸ್ಥಾನಗಳಲ್ಲಿ ಜೋಡಿಸಿದರೆ ಎಂಟು ಗಣಗಳು. ಎಂಟಕ್ಕಿಂತ ಹೆಚ್ಚಾಗದು, ಕಡಿಮೆಯೂ ಆಗದು. ‘ಯಮಾತಾರಾಜಭಾನಸಲಗಂ’ ಎಂಬ ಹತ್ತಕ್ಷರದ ಸೂತ್ರದಲ್ಲಿ ಮೂರು ಮೂರು ಅಕ್ಷರಗಳಂತೆ ಒಂದೊಂದೇ ಹೆಜ್ಜೆ ಸರಿಯುತ್ತ ಹೋದರೆ ಎಂಟೂ ಗಣಗಳು ಒಂದೊಂದು ಸಲ ಮಾತ್ರ ಬರುತ್ತವೆ. ಮಾತ್ರೆಗಳನ್ನು ಎಣಿಸಿದರೆ ಇನ್ನೊಂದು ಸೋಜಿಗ: ಮೂರು ಮಾತ್ರೆಗೆ ಮೂರು ವಿನ್ಯಾಸ, ನಾಲ್ಕಕ್ಕೆ ಐದು, ಐದಕ್ಕೆ ಎಂಟು. ಪಶ್ಚಿಮದವರು ಫಿಬೊನಾಚಿಯ ಹೆಸರಿನಿಂದ ಕರೆಯುವ ಸಂಖ್ಯಾಸರಣಿಯನ್ನು ಹೇಮಚಂದ್ರ ಅದಕ್ಕೂ ಮೊದಲೇ ಛಂದಸ್ಸಿನಲ್ಲಿ ಕಂಡಿದ್ದ. ಕನ್ನಡದಲ್ಲಿ ನಾಗವರ್ಮನ ‘ಛಂದೋಂಬುಧಿ’ ಈ ವಿದ್ಯೆಯ ದೊಡ್ಡ ಆಕರ. ಗಣಕದವರು ಹವ್ಯಾಸದಿಂದ ಬಂದು ತಲುಪಿದ ಊರು ಕನ್ನಡದ ವಿದ್ಯಾರ್ಥಿಗೆ ಹುಟ್ಟೂರು. ತನ್ನ ಊರನ್ನು ನೋಡಲು ಪರಊರಿನವರು ಬಂದಾಗ, ಅಲ್ಲಿಯೇ ಇದ್ದವನು ಕಣ್ಣು ಮುಚ್ಚಿಕೊಂಡಿರುವುದು ಉಚಿತವಲ್ಲ.

ಇಲ್ಲಿಗೆ ಮಾತು ಮುಗಿಸಿದರೆ ಅದು ಬರಿಯ ಸಮಾಧಾನವಾದೀತು. ಗಡಿನಾಡಿನ ಕನ್ನಡಿಗನಿಗೆ ಹವ್ಯಾಸದ ಪ್ರಶ್ನೆ ಬೇರೊಂದು ಕಾರಣದಿಂದ ಕಠಿನ. ಅವನ ಕಚೇರಿಯ ಭಾಷೆ ಮರಾಠಿ, ನೌಕರಿಯ ಭಾಷೆ ಇಂಗ್ಲಿಷ್. ಕನ್ನಡಕ್ಕೆ ಉಳಿಯುವುದು ಮನೆಯ ಹೊತ್ತು, ರಜೆಯ ಹೊತ್ತು. ಹಾಗಾದರೆ ಕನ್ನಡವೇ ಅವನಿಗೆ ಒಂದು ಹವ್ಯಾಸವಾಗಿಬಿಟ್ಟಿತೇ? ಹೀಗೆ ಕೇಳುವವರ ಆತಂಕದಲ್ಲಿ ಹುರುಳಿದೆ. ಶಾಲೆಯಲ್ಲಿ ಶಿಕ್ಷಕರಿಲ್ಲದಿದ್ದರೆ, ಪಠ್ಯಪುಸ್ತಕ ತಡವಾಗಿ ಬಂದರೆ, ಕೆಲವರ ಬಿಡುವಿನ ಪ್ರೀತಿಯಿಂದ ಆ ಕೊರತೆ ತುಂಬಲಾರದು. ಸರಕಾರ ಮಾಡಬೇಕಾದುದನ್ನು ಹವ್ಯಾಸಿಗಳ ಹೆಗಲಿಗೆ ಹೊರಿಸಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ.

ಆದರೆ ಶಾಲೆ ಅಕ್ಷರ ಕಲಿಸುತ್ತದೆ, ಇಚ್ಛೆಯನ್ನು ಕಲಿಸಲಾರದು. ಸೊಲ್ಲಾಪುರದಲ್ಲೇ ಹುಟ್ಟಿದ ಜಯದೇವಿತಾಯಿ ಲಿಗಾಡೆಯವರ ಶಾಲಾ ಕಲಿಕೆ ಮರಾಠಿಯಲ್ಲಿ ನಡೆಯಿತು. ಕನ್ನಡವನ್ನು ಅವರು ಸ್ವಂತ ಒಲವಿನಿಂದ ಕಲಿತರು. ಯಾವ ಪರೀಕ್ಷೆಯೂ ಕೇಳದಿದ್ದಾಗ, ಯಾವ ಸಂಬಳವೂ ಇಲ್ಲದಿದ್ದಾಗ, ಸಿದ್ಧರಾಮನ ಪುರಾಣವನ್ನು ತ್ರಿಪದಿಯಲ್ಲಿ ಬರೆದರು. 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಆ ಪೀಠವೇರಿದ ಮೊದಲ ಮಹಿಳೆ ಅವರು. ಅವರಿಗಿದ್ದದ್ದು ಮರಾಠಿಯ ಅರ್ಥದ ಛಂದ, ಕನ್ನಡದ ಅರ್ಥದ ಛಂದಸ್ಸು, ಎರಡೂ. ಒಲವು ಒಂದೇ ಇದ್ದಿದ್ದರೆ ಅದು ನಾಲ್ಕು ದಿನದ ಉತ್ಸಾಹವಾಗುತ್ತಿತ್ತು. ತ್ರಿಪದಿಯ ಕಟ್ಟುಪಾಡು ಆ ಒಲವನ್ನು ವರ್ಷಗಟ್ಟಲೆ ನಡೆಸಿತು.

ಆದುದರಿಂದ ಹವ್ಯಾಸಕ್ಕೂ ಕಾಲಹರಣಕ್ಕೂ ಇರುವ ಅಂತರ ಗಾಂಭೀರ್ಯದ್ದಲ್ಲ, ಲಯದ್ದು. ನಗುತ್ತ ಮಾಡಿದರೂ ಸರಿಯೇ, ಕ್ರಮವಾಗಿ ಮಾಡಬೇಕು. ವಾರಕ್ಕೊಂದು ಪುಟ ಬರೆಯುವವನು, ದಿನಕ್ಕೊಂದು ಪದ್ಯಕ್ಕೆ ಪ್ರಸ್ತಾರ ಹಾಕುವವನು, ಅಜ್ಜಿಯ ಬಾಯಿಂದ ಬೀಸುಕಲ್ಲಿನ ಹಾಡುಗಳನ್ನು ಒಂದೊಂದಾಗಿ ಬರೆದುಕೊಳ್ಳುವವನು ಈ ಲಯದಲ್ಲಿದ್ದಾನೆ. ಇಂದಿನ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಲ್ಲಿ ಕೆಲವರು ಶಿಕ್ಷಕರಾಗಬಹುದು, ಕೆಲವರು ಬ್ಯಾಂಕಿಗೆ, ಕೆಲವರು ಪುಣೆಯ ಕಂಪನಿಗಳಿಗೆ ಹೋಗಬಹುದು. ಎಲ್ಲಿಗೆ ಹೋದರೂ ಅವರ ವಿಷಯದ ಹೆಸರು ಒಂದು ಮಾತನ್ನು ನೆನಪಿಸುತ್ತಿರುತ್ತದೆ. ‘ಐಚ್ಛಿಕ’ ಎಂದರೆ ಇಚ್ಛೆಯಿಂದ ಆರಿಸಿಕೊಂಡದ್ದು. ಪದವಿ ಮುಗಿದ ಮೇಲೂ ಆ ಇಚ್ಛೆಯನ್ನು ಲಯ ತಪ್ಪದಂತೆ ಕಾಯ್ದುಕೊಂಡರೆ, ಗಡಿಯ ಈ ಬದಿಯಲ್ಲಿ ಕನ್ನಡ ಛಂದವಾಗಿಯೇ ಇರುತ್ತದೆ.