ಹಿರಿಯರ ನಿದ್ದೆಯ ಮಾತನ್ನು ಕೇಳೋಣ

"ರಾತ್ರಿಯೆಲ್ಲ ಕಣ್ಣಿಗೆ ಕಣ್ಣು ಹತ್ತಲಿಲ್ಲಪ್ಪ" ಎಂದು ಮನೆಯ ಅಜ್ಜಿ ಬೆಳಿಗ್ಗೆ ಹೇಳಿದರೆ ನಾವು ಏನನ್ನುತ್ತೇವೆ? "ವಯಸ್ಸಾಯಿತಲ್ಲ, ಇರೋದೇ ಹಾಗೆ" ಎನ್ನುತ್ತೇವೆ. ಇಲ್ಲವೆ, "ಗೊರಕೆ ಹೊಡೀತಿದ್ದೆಯಲ್ಲ ಅಜ್ಜಿ" ಎಂದು ನಗುತ್ತೇವೆ. ಎರಡೂ ಮಾತು ಅವರ ಬಾಯಿ ಮುಚ್ಚಿಸುತ್ತವೆ.

ಶರಣ ಬಂಧುಗಳೇ, ನಿದ್ದೆ ಹೇಗಿತ್ತೆಂಬುದಕ್ಕೆ ಮಲಗಿದವರ ಮಾತೇ ದೊಡ್ಡ ಸಾಕ್ಷಿ. ವೈದ್ಯರೂ ಅದನ್ನೇ ಕೇಳುತ್ತಾರೆ. ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ರೂಪುಗೊಂಡು 1989ರಲ್ಲಿ ಪ್ರಕಟವಾದ ಪ್ರಶ್ನಾವಳಿಯೊಂದು ಇಂದಿಗೂ ಅನೇಕ ದೇಶಗಳಲ್ಲಿ ಬಳಕೆಯಲ್ಲಿದೆ. ಕಳೆದ ಒಂದು ತಿಂಗಳ ನಿದ್ದೆಯ ಬಗ್ಗೆ 19 ಪ್ರಶ್ನೆಗಳಿಗೆ ತಾವೇ ಉತ್ತರಿಸಬೇಕು. ಒಟ್ಟು ಅಂಕ 21. ಪಡೆದದ್ದು 5ನ್ನು ಮೀರಿದರೆ ನಿದ್ದೆ ಕೆಟ್ಟಿದೆ ಎಂದರ್ಥ. ನಮ್ಮ ದೇಶದಲ್ಲಿ 2017-18ರಲ್ಲಿ, 45 ದಾಟಿದವರು ಮತ್ತು ಅವರ ಸಂಗಾತಿಗಳು ಸೇರಿ 72 ಸಾವಿರಕ್ಕೂ ಹೆಚ್ಚು ಜನರನ್ನು ಕಂಡ 'ಲಾಸಿ' ಸಮೀಕ್ಷೆಯೂ ನಿದ್ದೆಯ ತೊಂದರೆಯನ್ನು ಅವರ ಬಾಯಿಂದಲೇ ಕೇಳಿತು.

ಈ ಮಾತಿಗೂ ಯಂತ್ರದ ಅಳತೆಗೂ ಕೆಲವೊಮ್ಮೆ ವ್ಯತ್ಯಾಸ ಬರುವುದುಂಟು. ಹಾಗೆಂದು ಸಂಕಟ ಸುಳ್ಳಲ್ಲ. ಮುಪ್ಪಿನಲ್ಲಿ ಗಾಢ ನಿದ್ದೆ ಕಡಿಮೆಯಾಗುವುದು ಸಹಜ. ಹಗಲೆಲ್ಲ ಸುಸ್ತು, ತೂಕಡಿಕೆ ಸಹಜವಲ್ಲ. ಮಂಡಿನೋವು, ಮತ್ತೆ ಮತ್ತೆ ಮೂತ್ರಕ್ಕೆ ಏಳುವುದು, ಸಂಗಾತಿಯನ್ನು ಕಳೆದುಕೊಂಡ ಕೊರಗು ಕಾರಣವಿರಬಹುದು. ನಾವು ನಕ್ಕ ಆ ಗೊರಕೆಯೇ ಉಸಿರು ಕಟ್ಟುವ ಕಾಯಿಲೆಯ ಗುರುತಾಗಿರಬಹುದು.

ನಾವು ಕೇಳದಿದ್ದರೆ ಅವರು ಯಾರದೋ ಮಾತು ಕೇಳಿ ನಿದ್ದೆ ಮಾತ್ರೆ ನುಂಗುತ್ತಾರೆ. ಬೆಂಜೋಡಯಜೆಪೀನ್ ಗುಂಪಿನ ಮಾತ್ರೆಗಳಿಂದ ಹಿರಿಯರು ಜಾರಿ ಬೀಳುವ, ಮೂಳೆ ಮುರಿಯುವ, ಮಂಕಾಗುವ ಅಪಾಯ ಹೆಚ್ಚು. ಈಗಾಗಲೇ ನುಂಗುತ್ತಿರುವವರು ಒಮ್ಮೆಲೇ ಬಿಡುವುದೂ ತಪ್ಪು. ವೈದ್ಯರನ್ನು ಕಂಡೇ ಇಳಿಸಬೇಕು. ದಿನವೂ ಒಂದೇ ಹೊತ್ತಿಗೆ ಏಳುವುದು, ನಿದ್ದೆ ಬಂದಾಗಲೇ ಹಾಸಿಗೆಗೆ ಹೋಗುವುದು, ಸಂಜೆ ಚಹಾ ಬಿಡುವುದು ಮೊದಲ ಮದ್ದು.

ಇನ್ನೊಂದು ಮದ್ದು ನಮ್ಮ ಕೈಯಲ್ಲೇ ಇದೆ. ಹಗಲು ಮೂಲೆಯಲ್ಲಿ ಕೂರಿಸಿದವರಿಗೆ ರಾತ್ರಿ ನಿದ್ದೆ ಎಲ್ಲಿಂದ ಬರಬೇಕು? ಕಾಯಕಕ್ಕೆ ನಿವೃತ್ತಿಯಿಲ್ಲವೆಂದು ಭಾಷಣ ಮಾಡುವ ನಾವು ಮನೆಯ ಹಿರಿಯರಿಗೆ ಯಾವ ಕಾಯಕ ಉಳಿಸಿದ್ದೇವೆ? ದಾಸೋಹದ ಮನೆಯಲ್ಲಿ ಕಾಯಿಪಲ್ಲೆ ಹೆಚ್ಚಲಿ, ಮಕ್ಕಳಿಗೆ ಓದು ಹೇಳಲಿ. ಮಠದ ಮಾಸಿಕ ಗೋಷ್ಠಿಗಳಲ್ಲಿ ಮುಂದಿನ ಸಾಲಿನಲ್ಲಿ ಕೂರುವವರು ಅವರೇ. ತಿಂಗಳಿಗೊಮ್ಮೆ ವೈದ್ಯರೊಬ್ಬರನ್ನು ಅಲ್ಲಿಗೇ ಕರೆಸೋಣ.

ಅದಕ್ಕೂ ಮೊದಲು, ನಾಳೆ ಬೆಳಿಗ್ಗೆ "ನಿದ್ದೆ ಬಂತಾ?" ಎಂದು ಕೇಳಿ, ಉತ್ತರ ಮುಗಿಯುವವರೆಗೆ ಪಕ್ಕದಲ್ಲಿ ಕುಳಿತಿರೋಣ.